ಶಿಶುಹೃದಯದ ಯಂತ್ರವೂ ಪಾರ್ಶ್ವವಾಯುವೆಂಬ ಶಬ್ದವೂ

೧

ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳುವುದು ಸಾಧ್ಯವೆ ಎಂಬ ಪ್ರಶ್ನೆ ಈಗ ಉಳಿದಿಲ್ಲ. ಕ್ರಿ. ಶ. ೧೧೫೦ರ ಸುಮಾರಿನಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು 'ಕರ್ಣಾಟಕ ಕಲ್ಯಾಣಕಾರಕ'ವಾಗಿ ಕನ್ನಡಿಸಿದನು. ೧೩೬೦ರ ಸುಮಾರಿನಲ್ಲಿ ಒಂದನೆಯ ಮಂಗರಾಜನು ವಿಷವೈದ್ಯವನ್ನು 'ಖಗೇಂದ್ರಮಣಿದರ್ಪಣ'ದಲ್ಲಿ ಹೇಳಿದನು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಸಾಧ್ಯವೆಂಬುದು ಇಷ್ಟರಿಂದಲೇ ಸಿದ್ಧವಾಗಿದೆ. ಈಗ ಕೇಳಬೇಕಾದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಕನ್ನಡದಲ್ಲಿ ಹೇಳಿದ ಶಾಸ್ತ್ರದ ಮಾತು ಕೇಳಿದವನ ಮನಸ್ಸಿನಲ್ಲಿ ಯಾವ ಅರ್ಥವಾಗಿ ನಿಲ್ಲುತ್ತದೆ? ಹೇಳಿದವನ ಅರ್ಥವೂ ಕೇಳಿದವನ ಅರ್ಥವೂ ಬೇರೆಬೇರೆಯಾದರೆ ಆ ದೋಷವನ್ನು ಶೋಧಿಸತಕ್ಕವರು ಯಾರು? ವೈದ್ಯನಿಗೆ ಅದಕ್ಕೆ ವಿರಾಮವಿಲ್ಲ, ರೋಗಿಗೆ ಅಧಿಕಾರವಿಲ್ಲ. ಶಬ್ದಾರ್ಥಗಳ ಸಂಬಂಧವನ್ನು ವಿಚಾರಿಸುವುದೇ ವೃತ್ತಿಯಾಗಿ ಉಳ್ಳ ಸಾಹಿತ್ಯವಿಮರ್ಶಕರಿಗೇ ಈ ಹೊಣೆ ಸಲ್ಲುತ್ತದೆಂದು ನಮ್ಮ ಅಭಿಪ್ರಾಯ.

ಈ ವಿಚಾರಕ್ಕೆ ಒಂದೇ ಒಂದು ಉದಾಹರಣೆಯನ್ನು ಆರಿಸಿಕೊಂಡಿದ್ದೇವೆ. ಹೃದಯವು ಸೋತ ಮಕ್ಕಳಿಗೆ ರಕ್ತವನ್ನು ನೂಕುವ ಯಂತ್ರವೊಂದನ್ನು ಜೋಡಿಸುವ ಚಿಕಿತ್ಸೆ ಈಚಿನ ದಶಕಗಳಲ್ಲಿ ಬೆಳೆದು ಬಂದಿದೆ. ಆ ಯಂತ್ರದಿಂದ ಪ್ರಾಣ ಉಳಿಯಬಹುದು. ಅದರಿಂದಲೇ ಮಗುವಿನ ಮಿದುಳಿಗೆ ಪೆಟ್ಟು ಬೀಳಲೂಬಹುದು. ಯಂತ್ರವನ್ನು ಜೋಡಿಸುವ ಮುನ್ನ ತಂದೆತಾಯಿಗಳ ಸಮ್ಮತಿ ಬೇಕು. ಆ ಸಮ್ಮತಿ ಮಾತಿನ ಮೂಲಕವೇ ಆಗತಕ್ಕದ್ದು. ಬೆಂಗಳೂರಿನ ಉತ್ತರದ್ವಾರವಾದ ಯಶವಂತಪುರದಂಥ ಸ್ಥಳದಲ್ಲಿ ಈ ಮಾತು ಎಷ್ಟು ಕಷ್ಟವಾದುದೆಂಬುದು ಸ್ಪಷ್ಟವಾಗಿ ಕಾಣುತ್ತದೆ. ತುಮಕೂರು, ಶಿವಮೊಗ್ಗ, ಹುಬ್ಬಳ್ಳಿಗಳ ಕಡೆಯಿಂದಲೂ ಕರಾವಳಿಯಿಂದಲೂ ಬರುವ ರೈಲುಗಳು ಅಲ್ಲಿ ನಿಲ್ಲುತ್ತವೆ. ತುಮಕೂರು ರಸ್ತೆಯ ಇಕ್ಕೆಲಗಳಲ್ಲಿ ದೊಡ್ಡ ಆಸ್ಪತ್ರೆಗಳಿರುವುವು. ಹೀಗೆ ನಾನಾ ಸೀಮೆಗಳ ಕನ್ನಡ ಅಲ್ಲಿ ಒಂದೇ ಪಡಸಾಲೆಯಲ್ಲಿ ಕುಳಿತು ಒಂದೇ ವೈದ್ಯನ ಮಾತನ್ನು ಕೇಳಬೇಕಾಗುತ್ತದೆ.

೨

ಶಬ್ದಗಳನ್ನು ಪರೀಕ್ಷಿಸುವ ಮೊದಲು ವಸ್ತುವನ್ನು ತಿಳಿಯುವುದು ಅವಶ್ಯ. ನಮ್ಮ ಹೃದಯಕ್ಕೆ ಮೇಲೆ ಎರಡು, ಕೆಳಗೆ ಎರಡು ಕೋಣೆಗಳಿವೆ. ಪಾಠಪುಸ್ತಕಗಳಲ್ಲಿ ಮೇಲಿನವಕ್ಕೆ ಹೃತ್ಕರ್ಣಗಳೆಂದೂ ಕೆಳಗಿನವಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ಲ್ಯಾಟಿನಿನಲ್ಲಿ ಇವುಗಳ ಹೆಸರುಗಳಿಗೆ 'ಕಿರುಗಿವಿ', 'ಕಿರುಹೊಟ್ಟೆ' ಎಂದೇ ಅರ್ಥವಾದುದರಿಂದ ಭಾಷಾಂತರ ನಿಷ್ಕೃಷ್ಟವಾಗಿದೆ. ರಕ್ತವನ್ನು ಮೈಗೆಲ್ಲ ನೂಕುವ ಕೆಲಸ ಎಡಗಡೆಯ ಹೃತ್ಕುಕ್ಷಿಯದು. ಅದು ಬಲಗುಂದಿದಾಗ ಅದಕ್ಕೆ ನೆರವಾಗುವ ಯಂತ್ರವನ್ನು ಜೋಡಿಸುತ್ತಾರೆ. ಸಾಮಾನ್ಯವಾಗಿ ಹೃದಯವನ್ನು ತೆಗೆದುಹಾಕುವುದಿಲ್ಲ. ಅದು ತನ್ನ ಸ್ಥಾನದಲ್ಲಿಯೇ ಇರುತ್ತದೆ. ಆದುದರಿಂದ ವೃತ್ತಪತ್ರಿಕೆಗಳು ಇದನ್ನು 'ಕೃತಕ ಹೃದಯ'ವೆಂದು ಕರೆಯುವುದು ಸರಿಯಾದ ಮಾತಲ್ಲ. ಮಗುವಿನ ಹೃದಯವನ್ನು ಕಿತ್ತು ಯಂತ್ರವನ್ನಿಟ್ಟರೆಂದು ಹೆತ್ತವರು ಭಾವಿಸಲು ಅದು ಎಡೆಗೊಡುತ್ತದೆ. 'ಹೃದಯದ ಊರೆಗೋಲು' ಎಂದರೂ ಇದಕ್ಕಿಂತ ಸತ್ಯಕ್ಕೆ ಹತ್ತಿರವಾಗುತ್ತದೆ.

ಚಿಕ್ಕ ಮಕ್ಕಳಿಗೆ ಬಳಸುವ ಯಂತ್ರಗಳಲ್ಲಿ ಪ್ರಸಿದ್ಧವಾದುದು ಜರ್ಮನಿಯ 'ಬರ್ಲಿನ್ ಹಾರ್ಟ್ ಎಕ್ಸ್‌ಕಾರ್'. ೧೯೯೦ರಲ್ಲಿ ಬರ್ಲಿನ್ ನಗರದಲ್ಲಿ ಈ ಬಗೆಯ ಯಂತ್ರದಿಂದ ಒಬ್ಬ ಬಾಲಕನನ್ನು ಹೃದಯ ದೊರೆಯುವವರೆಗೆ ಉಳಿಸಿಕೊಂಡರು. ಇದರ ಪಂಪು ಮೈಯ ಹೊರಗಿರುತ್ತದೆ. ಎರಡು ನಾಳಗಳು ಅದನ್ನು ಹೃದಯಕ್ಕೂ ಮಹಾಧಮನಿಗೂ ಸೇರಿಸುತ್ತವೆ. ಪಂಪಿನ ಒಳಗೆ ಒಂದು ಪೊರೆಯುಂಟು. ಅದರ ಒಂದು ಪಕ್ಕದಲ್ಲಿ ರಕ್ತ, ಇನ್ನೊಂದು ಪಕ್ಕದಲ್ಲಿ ಗಾಳಿ. ಗಾಳಿಯನ್ನು ಮಿಡಿಮಿಡಿದು ನೂಕಿದಂತೆ ಪೊರೆ ಉಬ್ಬಿ ರಕ್ತವನ್ನು ಒತ್ತುತ್ತದೆ. ಕಮ್ಮಾರನ ತಿದಿಯನ್ನು ಕಂಡವರಿಗೆ ಇದರ ರೀತಿಯನ್ನು ತಿಳಿಸುವುದು ಕಷ್ಟವಲ್ಲ. ಅತ್ಯಂತ ಕಿರಿದಾದ ಪಂಪಿನಲ್ಲಿ ೧೦ ಮಿಲಿಲೀಟರು ರಕ್ತ ಹಿಡಿಯುತ್ತದೆ. ಔಷಧದ ಚಮಚದಲ್ಲಿ ಅಳೆದರೆ ಎರಡು ಚಮಚೆಯಷ್ಟು.

ಅಪಾಯವಿರುವುದು ಇಲ್ಲಿಯೇ. ರಕ್ತವು ತನ್ನದಲ್ಲದ ಮೇಲ್ಮೈಯನ್ನು ಮುಟ್ಟಿದಾಗ, ಅಥವಾ ಎಲ್ಲಿಯಾದರೂ ತಡೆದು ನಿಂತಾಗ, ಹೆಪ್ಪುಗಟ್ಟುವುದು ಅದರ ಸ್ವಭಾವ. ಪಂಪಿನ ಕವಾಟಗಳ ಸಂದಿಯಲ್ಲಿಯೋ ನಾಳಗಳ ತುದಿಯಲ್ಲಿಯೋ ಹೆಪ್ಪು ಕಟ್ಟುತ್ತದೆ. ಅದರ ಒಂದು ತುಣುಕು ಬಿಡಿಯಾಗಿ ರಕ್ತದೊಡನೆ ಹರಿದು ಮಿದುಳಿನ ನಾಳವನ್ನು ಮುಚ್ಚುತ್ತದೆ. ಆ ಭಾಗಕ್ಕೆ ರಕ್ತ ತಪ್ಪಿ ಮಿದುಳು ಕೆಡುತ್ತದೆ. ಪಂಪು ಪಾರದರ್ಶಕವಾಗಿರುವುದರಿಂದ ದಾದಿಯರು ದಿನಕ್ಕೆ ಹಲವು ಬಾರಿ ಬ್ಯಾಟರಿಯ ದೀಪವನ್ನು ಹಿಡಿದು ಹೆಪ್ಪಿನ ಎಳೆಗಳನ್ನು ಹುಡುಕುತ್ತಾರೆ. ಅಗತ್ಯವಾದರೆ ಪಂಪನ್ನೇ ಬದಲಾಯಿಸುತ್ತಾರೆ. ಹೆಪ್ಪನ್ನು ತಡೆಯಲು ಹೆಪಾರಿನ್, ವಾರ್ಫರಿನ್, ಆಸ್ಪಿರಿನ್ ಮುಂತಾದ ಔಷಧಗಳನ್ನು ಕೊಡುತ್ತಾರೆ. ಔಷಧ ಮಿತಿಮೀರಿದರೆ ಮಿದುಳಿನಲ್ಲಿ ರಕ್ತ ಸೋರುವ ಭಯವುಂಟು. ಶಿಶುಗಳಲ್ಲಿ ಹೆಪ್ಪುಗಟ್ಟಿಸುವ ದ್ರವ್ಯಗಳ ಪ್ರಮಾಣ ದೊಡ್ಡವರಲ್ಲಿದ್ದಂತೆ ಇಲ್ಲದಿರುವುದರಿಂದ ಔಷಧದ ಹದವನ್ನು ಹಿಡಿಯುವುದು ಇನ್ನೂ ದುಸ್ತರ.

ಈ ಅಪಾಯದ ಅಳತೆಯೂ ತಿಳಿದಿದೆ. ಅಮೆರಿಕದಲ್ಲಿ ನಡೆದು ೨೦೧೨ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ೪೮ ಮಕ್ಕಳನ್ನು ಮೈಯಳತೆಯ ಮೇರೆಗೆ ೨೪ರಂತೆ ಎರಡು ಗುಂಪುಗಳಾಗಿ ಮಾಡಿದ್ದರು. ಎರಡು ಗುಂಪುಗಳಲ್ಲಿಯೂ ನೂರಕ್ಕೆ ೨೯ರಂತೆ, ಎಂದರೆ ೨೪ರಲ್ಲಿ ೭ ಮಕ್ಕಳಿಗೆ, ಮಿದುಳಿಗೆ ಈ ಪೆಟ್ಟು ತಗುಲಿತು. ೨೦೧೩ರಲ್ಲಿ ಪ್ರಕಟವಾದ ೨೦೪ ಮಕ್ಕಳ ವರದಿಯಲ್ಲಿಯೂ ಮಿದುಳಿನ ತೊಂದರೆ ನೂರಕ್ಕೆ ೨೯ರಷ್ಟಿದ್ದಿತು. ಆದರೆ ಅದೇ ವರದಿಯಂತೆ ಹನ್ನೆರಡು ತಿಂಗಳ ಬಳಿಕ ನೂರಕ್ಕೆ ೭೫ ಮಕ್ಕಳು ಬದುಕಿದ್ದರೆಂಬುದನ್ನೂ ಒಟ್ಟಿಗೆ ನೆನೆಯಬೇಕು. ಮೊದಲಿನ ಪರೀಕ್ಷೆಯಲ್ಲಿ, ಶ್ವಾಸಕೋಶದ ಕೆಲಸವನ್ನೂ ಹೃದಯದ ಕೆಲಸವನ್ನೂ ಹೊರಗಿನಿಂದ ಮಾಡುವ ಎಕ್ಮೋ ಎಂಬ ಹಳೆಯ ಉಪಾಯವನ್ನು ಅವಲಂಬಿಸಿದ್ದ ಅದೇ ಅಳತೆಯ ಚಿಕ್ಕ ಮಕ್ಕಳಲ್ಲಿ ಅರ್ಧದಷ್ಟು ಮಂದಿ ೧೩ ದಿನಗಳೊಳಗೆ ತೀರಿಹೋಗಿದ್ದರು. ಹೊಸ ಯಂತ್ರವಿದ್ದ ಮಕ್ಕಳ ಗುಂಪು ೧೭೪ ದಿನಗಳಾದರೂ ಆ ಅರ್ಧದ ಗೆರೆಯನ್ನು ಮುಟ್ಟಿರಲಿಲ್ಲ.

೩

ಇನ್ನು ಶಬ್ದಗಳಿಗೆ ಬರೋಣ. ಈ ಪೆಟ್ಟಿಗೆ ಕನ್ನಡದಲ್ಲಿ ಮುಖ್ಯವಾಗಿ ಮೂರು ಹೆಸರುಗಳು ನಡೆಯುತ್ತವೆ: ಪಾರ್ಶ್ವವಾಯು, ಲಕ್ವ, ಸ್ಟ್ರೋಕ್.

ಪಾರ್ಶ್ವವಾಯುವೆಂಬುದು ಆಯುರ್ವೇದದ ಪರಂಪರೆಯಿಂದ ಬಂದ ಭಾವನೆ. ಸುಶ್ರುತಸಂಹಿತೆಯಲ್ಲಿ ಇದು ಪಕ್ಷಾಘಾತ; ಚರಕಸಂಹಿತೆಯ ವಾತವ್ಯಾಧಿಪ್ರಕರಣದಲ್ಲಿ ಪಕ್ಷವಧ. ಮೈಯ ಒಂದು ಪಕ್ಕ ಸತ್ತಂತಾಗುವುದು ಲಕ್ಷಣ, ವಾಯುವಿನ ಪ್ರಕೋಪ ಕಾರಣ. ಇಲ್ಲಿ ಪ್ರಾಚೀನರಿಗೆ ಅನ್ಯಾಯವಾಗದಂತೆ ಒಂದು ಮಾತನ್ನು ಹೇಳಬೇಕು. ಅವರ ವಾಯು ಬೀಸುವ ಗಾಳಿಯಲ್ಲ, ದೇಹದ ಚಲನಶಕ್ತಿ. ಧಾತುಗಳು ಕ್ಷಯಿಸುವುದರಿಂದಲೂ ಮಾರ್ಗವು ಮುಚ್ಚಿಹೋಗುವುದರಿಂದಲೂ ವಾಯು ಕೆರಳುತ್ತದೆಂದು ಚರಕಸಂಹಿತೆ ಎರಡು ಕಾರಣಗಳನ್ನು ಹೇಳುತ್ತದೆ. ಮಾರ್ಗಾವರಣವೆಂಬ ಎರಡನೆಯ ಭಾವನೆ ನಮ್ಮ ಪ್ರಕೃತ ವಿಷಯಕ್ಕೆ ಎಷ್ಟು ಸಮೀಪವಾದುದೆಂಬುದನ್ನು ವಿದ್ವಾಂಸರು ಗಮನಿಸಬಹುದು. ಆದರೆ ಶಬ್ದವು ಶಾಸ್ತ್ರದಿಂದ ಇಳಿದು ಲೋಕದ ನಾಲಗೆಗೆ ಬಂದಾಗ ಆವರಣವು ಕಳಚಿಹೋಗಿ ವಾಯುವೊಂದೇ ಉಳಿಯಿತು. ಹೊಟ್ಟೆಯ ಉಬ್ಬರವೂ ವಾಯು, ಕೀಲುನೋವೂ ವಾಯು, ಮೈಯ ಒಂದು ಪಕ್ಕ ಬಿದ್ದುಹೋಗುವುದೂ ವಾಯು ಎಂದಾಯಿತು.

ಯಂತ್ರವನ್ನು ಧರಿಸಿದ ಮಗುವಿನ ಹಾಸಿಗೆಯ ಪಕ್ಕದಲ್ಲಿ ಈ ಶಬ್ದವನ್ನು ಉಚ್ಚರಿಸಿದರೆ ಏನಾಗುತ್ತದೆಂಬುದನ್ನು ಆಲೋಚಿಸಬೇಕು. ಯಂತ್ರವು ಗಾಳಿಯ ಬಲದಿಂದ ನಡೆಯುತ್ತಿದೆ. ಗಾಳಿಯ ಕೊಳವೆ ಕಣ್ಣಿಗೆ ಕಾಣುತ್ತಿದೆ. ಮಿಡಿತದ ಸದ್ದು ಕಿವಿಗೆ ಕೇಳುತ್ತಿದೆ. "ಪಾರ್ಶ್ವವಾಯು ಆಗಬಹುದು" ಎಂದು ವೈದ್ಯನು ಹೇಳಿದರೆ, ಈ ಗಾಳಿಯೇ ಒಳಹೊಕ್ಕು ಮಗುವಿನ ಮೈಯನ್ನು ಬಡಿಯುತ್ತದೆಂದು ತಾಯಿ ತಿಳಿಯುವುದು ಅತ್ಯಂತ ಸಹಜ. ಅದು ಆಕೆಯ ಅಜ್ಞಾನದ ಫಲವೆನ್ನುವಂತಿಲ್ಲ. ಶಬ್ದವು ಆಕೆಗೆ ಕೊಟ್ಟ ಅರ್ಥವೇ ಅದು. ಇದರ ಪರಿಣಾಮವಾಗಿ ಆಕೆಯ ಕಣ್ಣು ಗಾಳಿಯ ಕೊಳವೆಯನ್ನು ಕಾಯುತ್ತದೆ. ಕಾಯಬೇಕಾದ ರಕ್ತದ ಪಂಪು ಕಾವಲಿಲ್ಲದೆ ಉಳಿಯುತ್ತದೆ.

'ಪಾರ್ಶ್ವ'ವೆಂಬ ಪೂರ್ವಪದದಲ್ಲಿಯೂ ತೊಡಕುಂಟು. ದೊಡ್ಡವರಲ್ಲಿ ಒಂದು ಪಕ್ಕದ ಕೈಕಾಲು ಬೀಳುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಸಾಮಾನ್ಯ ಲಕ್ಷಣಗಳು. ಎಳೆಯ ಕೂಸಿನಲ್ಲಿ ಮೊದಲ ಚಿಹ್ನೆ ಸೆಳವಾಗಿರಬಹುದು, ಕಾರಣವಿಲ್ಲದೆ ಮಂಕಾಗಿ ಮಲಗಿರುವುದಾಗಿರಬಹುದು, ಮೊಲೆಯುಣ್ಣಲು ಒಲ್ಲದಿರುವುದಾಗಿರಬಹುದು. ಪಕ್ಕ ಬೀಳುವುದನ್ನೇ ಎದುರುನೋಡುತ್ತ ಕುಳಿತವರಿಗೆ ಈ ಚಿಹ್ನೆಗಳು ಕಾಣುವುದಿಲ್ಲ. ಸೆಳವನ್ನು ನಮ್ಮ ಹಿರಿಯರು ಬಾಲಗ್ರಹವೆಂದು ಕರೆದರು. ೧೨೦೦ರ ಸುಮಾರಿನ ದೇವೇಂದ್ರಮುನಿ 'ಬಾಲಗ್ರಹಚಿಕಿತ್ಸೆ'ಯೆಂಬ ಗ್ರಂಥವನ್ನೇ ಬರೆದನೆಂದು ಕವಿಚರಿತೆಯಿಂದ ತಿಳಿಯುತ್ತದೆ. ಗ್ರಹವೆಂದರೆ ಹಿಡಿಯುವುದು, ಹೊರಗಿನ ಯಾವುದೋ ಒಂದು ಬಂದು ಮಗುವನ್ನು ಹಿಡಿಯಿತೆಂಬುದು ಆ ಹೆಸರಿನ ಹುರುಳು. ಇಂದಿಗೂ ಮನೆಮಾತಿನಲ್ಲಿ ಈ ಭಾವನೆ ಹೋಗಿಲ್ಲ.

ಲಕ್ವವು ಅರಬ್ಬಿಯಿಂದ ಯೂನಾನಿ ವೈದ್ಯದ ಮೂಲಕ ಬಂದ ಶಬ್ದ. ಆ ವೈದ್ಯದಲ್ಲಿ ಲಕ್ವವೆಂದರೆ ಮುಖ ಸೊಟ್ಟಗಾಗುವ ರೋಗ. ಅರ್ಧಾಂಗ ಬೀಳುವುದಕ್ಕೆ ಅವರು ಫಾಲಿಜ್ ಎಂಬ ಬೇರೊಂದು ಹೆಸರನ್ನಿಟ್ಟಿದ್ದರು. ನಮ್ಮಲ್ಲಿ ಲಕ್ವವು ಎರಡನ್ನೂ ನುಂಗಿಕೊಂಡಿತು. ಉತ್ತರದ ಜಿಲ್ಲೆಗಳಲ್ಲಿ "ಲಕ್ವಾ ಹೊಡೀತು" ಎಂಬ ಮಾತು ಎಲ್ಲರಿಗೂ ತಿಳಿಯುತ್ತದೆ. ಇದರ ಬಳಕೆ ಸುಲಭ. ದೋಷವೇನೆಂದರೆ ಇದು ಮುದುಕರ ರೋಗವೆಂಬ ಭಾವನೆ ಇದರೊಡನೆ ಬಲವಾಗಿ ಅಂಟಿಕೊಂಡಿದೆ. ಮೂರು ತಿಂಗಳ ಕೂಸಿಗೆ ಲಕ್ವ ಹೊಡೆಯಬಹುದೆಂದರೆ ನಂಬುವವರು ವಿರಳ.

ಸ್ಟ್ರೋಕ್ ಈಗ ನಗರದ ಕನ್ನಡದಲ್ಲಿ ಮನೆಮಾತಾಗಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಪೆಟ್ಟೆಂದು ಅರ್ಥ. ದೇವರ ಕೈಯ ಪೆಟ್ಟೆಂಬ ಭಾವನೆಯಿಂದ ಹುಟ್ಟಿದ ಬಳಕೆ. ಗ್ರೀಕರು ಇಟ್ಟ ಹೆಸರಿನ ಧಾತುವಿಗೂ ಹೊಡೆಯುವುದೆಂದೇ ಅರ್ಥ. ನಮ್ಮ ಆಘಾತ, ನಮ್ಮ ಹೊಡೆ, ಬಡಿ ಎಂಬ ಕ್ರಿಯಾಪದಗಳೂ ಇದೇ ಕುಲದವು. ಬೇರೆಬೇರೆ ಜನಾಂಗಗಳು ಬೇರೆಬೇರೆ ಕಾಲದಲ್ಲಿ ಒಂದೇ ರೂಪಕಕ್ಕೆ ಬಂದು ಸೇರಿರುವುದು ಆಶ್ಚರ್ಯವಲ್ಲ. ಕಾಯಿಲೆ ಬರುವ ರೀತಿಯೇ ಹಾಗೆ, ಹಠಾತ್ತಾಗಿ, ಹೊರಗಿನಿಂದ ಬಿದ್ದಂತೆ. ಆದರೆ ನಾವು ವಿಚಾರಿಸುತ್ತಿರುವ ಸಂದರ್ಭದಲ್ಲಿ ಈ ರೂಪಕವೇ ಸತ್ಯವನ್ನು ಮರೆಸುತ್ತದೆ. ಪಂಪಿನಲ್ಲಿ ಹೆಪ್ಪು ಗಳಿಗೆಗಳಲ್ಲಿ, ದಿನಗಳಲ್ಲಿ ಬೆಳೆಯತಕ್ಕದ್ದು. ಹಲವು ವೇಳೆ ಕಣ್ಣಿಗೆ ಕಾಣತಕ್ಕದ್ದು. ಕಂಡರೆ ಉಪಾಯ ಮಾಡತಕ್ಕದ್ದು. ಪೆಟ್ಟೆಂದ ಮಾತ್ರಕ್ಕೆ ಕೇಳಿದವನು ದೈವದ ಕಡೆಗೆ ತಿರುಗುತ್ತಾನೆ. ಕಾಯುವ ಕೆಲಸ ಅವನ ಮನಸ್ಸಿನಿಂದ ಜಾರಿಹೋಗುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ದೋಷವಿದೆ. ಮಿದುಳಿನ ನಾಳ ಹೆಪ್ಪಿನಿಂದ ಮುಚ್ಚಿದರೂ ಪಾರ್ಶ್ವವಾಯು, ನಾಳ ಒಡೆದು ರಕ್ತ ಸೋರಿದರೂ ಪಾರ್ಶ್ವವಾಯು. ಲಕ್ವವೂ ಸ್ಟ್ರೋಕೂ ಹಾಗೆಯೇ. ಎರಡು ವಿರುದ್ಧ ಕಾರಣಗಳಿಗೆ ಒಂದೇ ಹೆಸರು. ಮೊದಲನೆಯದನ್ನು ತಡೆಯಲು ಕೊಡುವ ಔಷಧವೇ ಎರಡನೆಯದನ್ನು ತರಬಲ್ಲದು. ಈ ಭೇದವನ್ನು ತಿಳಿಯದ ತಂದೆಗೆ, ನಿನ್ನೆ ಹೆಚ್ಚಿಸಿದ ಔಷಧವನ್ನು ಇಂದು ನಿಲ್ಲಿಸಿದರೆ, ವೈದ್ಯರು ದಿಕ್ಕುಗಾಣದೆ ತಡವರಿಸುತ್ತಿರುವರೆಂದೇ ತೋರುತ್ತದೆ. ವೈದ್ಯನ ಮೇಲಣ ವಿಶ್ವಾಸ ಹೀಗೆ ಶಬ್ದದೋಷದಿಂದ ಮುರಿಯಬಹುದು.

೪

ಕಾರಣವನ್ನು ತಿಳಿಸುವ ಶಬ್ದಗಳಲ್ಲಿ ಕನ್ನಡವು ಬಡವಾಗಿಲ್ಲ. ಹೆಪ್ಪು ನಮ್ಮ ಅಡುಗೆಮನೆಯ ಮಾತು. ಒಂದು ಹನಿ ಮೊಸರು ಇಡಿಯ ಪಾತ್ರೆಯ ಹಾಲನ್ನು ಗಟ್ಟಿ ಮಾಡುತ್ತದೆಂಬುದನ್ನು ತಿಳಿಯದ ಕನ್ನಡ ಹೆಂಗಸಿಲ್ಲ. ಹಾಲು ಅಲುಗಾಡದೆ ನಿಂತರೆ ಚೆನ್ನಾಗಿ ಹೆಪ್ಪಾಗುತ್ತದೆಂಬುದೂ ಆಕೆಗೆ ಗೊತ್ತು. ರಕ್ತ ಹೆಪ್ಪುಗಟ್ಟುವುದರ ರಾಸಾಯನಿಕ ಕ್ರಮ ಮೊಸರಾಗುವ ಕ್ರಮಕ್ಕಿಂತ ಬೇರೆಯೆಂಬುದು ನಿಜ. ಆದರೂ ಚಿಕ್ಕದರಿಂದ ತೊಡಗಿ ಹರಡುವುದು, ನಿಂತ ಕಡೆಯಲ್ಲಿ ಬಲಿಯುವುದು ಎಂಬ ಎರಡು ಮುಖ್ಯಾಂಶಗಳಲ್ಲಿ ಉಪಮಾನವು ಸತ್ಯಕ್ಕೆ ಹೊಂದುತ್ತದೆ. ೧೮೫೬ರಲ್ಲಿ ಜರ್ಮನಿಯ ವಿರ್ಖೋ ಎಂಬ ವಿದ್ವಾಂಸನ ಗ್ರಂಥ ಪ್ರಕಟವಾದಂದಿನಿಂದ ಅವನ ಹೆಸರಿನೊಡನೆ ಸೇರಿಬಂದಿರುವ ಮೂರು ಕಾರಣಗಳು ಇವು: ನಾಳದ ಮೇಲ್ಮೈಯ ವಿಕಾರ, ಹರಿವಿನ ವ್ಯತ್ಯಾಸ, ರಕ್ತದ ಗುಣದ ವ್ಯತ್ಯಾಸ. ಪಂಪು ಮೊದಲ ಎರಡನ್ನೂ ತಾನೇ ಒದಗಿಸುತ್ತದೆ. ಕಾಯಿಲೆಯಿಂದ ನರಳುವ ಮೈಯಲ್ಲಿ ಮೂರನೆಯದೂ ಬಂದು ಸೇರುತ್ತದೆ. ವೈದ್ಯಗ್ರಂಥಗಳಲ್ಲಿ ಕಾಣುವ 'ಗರಣೆ'ಯೂ ಒಳ್ಳೆಯ ದೇಶ್ಯಶಬ್ದವೇ. ಗ್ರಂಥದಲ್ಲಿ ಗರಣೆಯನ್ನೂ ಮಾತಿನಲ್ಲಿ ಹೆಪ್ಪನ್ನೂ ಇಟ್ಟುಕೊಂಡರೆ ತೊಂದರೆಯಿಲ್ಲ.

ಇದಕ್ಕೆ ಪ್ರತಿಯಾಗಿ, ಈಚೆಗೆ ಹೆಚ್ಚು ಬಳಕೆಗೆ ಬಂದಿರುವ 'ರಕ್ತವನ್ನು ತೆಳುಗೊಳಿಸುವ ಔಷಧ' ಎಂಬ ಪ್ರಯೋಗವನ್ನು ನಾವು ಖಂಡಿಸಲೇಬೇಕಾಗಿದೆ. ಇದು ಇಂಗ್ಲಿಷಿನ ಮಾತಿನ ಪದಶಃ ಅನುವಾದ. ಮೂಲದಲ್ಲಿಯೇ ಇದು ಸುಳ್ಳು. ಹೆಪಾರಿನ್ ರಕ್ತವನ್ನು ತೆಳುವು ಮಾಡುವುದಿಲ್ಲ, ಹೆಪ್ಪುಗಟ್ಟುವ ಸರಣಿಯಲ್ಲಿ ಒಂದು ಕೊಂಡಿಯನ್ನು ತಡೆಯುತ್ತದೆ. ಕನ್ನಡದಲ್ಲಿ ಇದು ಇನ್ನೂ ಕೆಡುಕಾಗುತ್ತದೆ. ನಮ್ಮ ಭಾಷೆಯಲ್ಲಿ ರಕ್ತ ತೆಳುವಾಯಿತು, ನೀರಾಯಿತು ಎಂದರೆ ಬಲ ಹೋಯಿತು, ಮೈ ಬಿಳಿಚಿಕೊಂಡಿತು ಎಂದು ಅರ್ಥ. ಮೊದಲೇ ಬಾಡಿದ ಮಗುವಿಗೆ ರಕ್ತವನ್ನು ತೆಳುಗೊಳಿಸುವ ಔಷಧವನ್ನು ಕೊಡಲು ಯಾವ ಅಜ್ಜಿ ಒಪ್ಪುವಳು? 'ಹೆಪ್ಪು ತಡೆಯುವ ಮದ್ದು' ಎಂದರೆ ಸಾಕು. ಮಾತು ಚಿಕ್ಕದು, ನಿಜವಾದುದು, ಹಳ್ಳಿಗೂ ಪಟ್ಟಣಕ್ಕೂ ಸಲ್ಲತಕ್ಕದ್ದು.

ಈ ಎರಡು ಪ್ರಯೋಗಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಾಮಾನ್ಯ ಸೂತ್ರ ಹೊರಡುತ್ತದೆ. ಕನ್ನಡದ ಬಲವಿರುವುದು ಕ್ರಿಯಾಪದಗಳಲ್ಲಿ. ನಮ್ಮ ಶಾಸ್ತ್ರಗದ್ಯದ ಮೋಹವಿರುವುದು ಸಮಾಸಗಳಲ್ಲಿ. ಸಮಾಸವು ಕಾಲವನ್ನೂ ಕ್ರಮವನ್ನೂ ನುಂಗಿಬಿಡುತ್ತದೆ. 'ಮಿದುಳಾಘಾತ'ವೆಂಬ ಹೊಸ ಶಬ್ದವನ್ನು ತೆಗೆದುಕೊಳ್ಳಿ. ಹೃದಯಾಘಾತದ ಮಾದರಿಯಲ್ಲಿ ಹುಟ್ಟಿದ ಇದು ರೋಗದ ಸ್ಥಾನವನ್ನು ಸರಿಯಾಗಿ ತಿಳಿಸುತ್ತದೆ. ಆ ಮಟ್ಟಿಗೆ ಪಾರ್ಶ್ವವಾಯುವಿಗಿಂತ ಮೇಲು. ಆದರೆ ಏನು ಮೊದಲು, ಏನು ಬಳಿಕ ಎಂಬುದನ್ನು ಹೇಳದು. ತಲೆಗೆ ಬಿದ್ದ ಹೊರಗಾಯವೆಂಬ ಅರ್ಥಕ್ಕೂ ಎಡೆಕೊಡುತ್ತದೆ. "ಹೆಪ್ಪು ಕಟ್ಟುತ್ತದೆ, ತುಣುಕಾಗಿ ಕಳಚುತ್ತದೆ, ಮಿದುಳಿಗೆ ಹರಿಯುತ್ತದೆ, ನಾಳವನ್ನು ಮುಚ್ಚುತ್ತದೆ" ಎಂಬ ನಾಲ್ಕು ಕ್ರಿಯಾಪದಗಳಲ್ಲಿ ಕಾಯಿಲೆಯ ಚರಿತ್ರೆಯೆಲ್ಲ ಅಡಗಿದೆ. ಪ್ರತಿಯೊಂದು ಕ್ರಿಯೆಯ ಬಳಿಯೂ ಅದನ್ನು ತಡೆಯುವ ಅವಕಾಶ ಎಲ್ಲಿದೆಯೆಂದು ಕೇಳಬಹುದು. ಸಮಾಸವನ್ನು ಹೀಗೆ ಪ್ರಶ್ನಿಸುವುದು ಆಗದು.

ಹಾಗಾದರೆ ಪಾರ್ಶ್ವವಾಯುವೆಂಬ ಶಬ್ದವನ್ನು ಬಿಟ್ಟುಬಿಡಬೇಕೆ ಎಂದು ಕೇಳಬಹುದು. ಬೇಕಿಲ್ಲ. ಶತಮಾನಗಳ ಬಳಕೆಯಿಂದ ನೆಲೆಗೊಂಡ ಮಾತನ್ನು ಯಾರೂ ಅಪ್ಪಣೆಯಿಂದ ಓಡಿಸಲಾರರು. ಮೈಯ ಪಕ್ಕ ಬಿದ್ದುಹೋದ ಸ್ಥಿತಿಗೆ, ಎಂದರೆ ಫಲಕ್ಕೆ, ಅದು ಹೆಸರಾಗಿರಲಿ. ಕಾರಣಕ್ಕೂ ಅಪಾಯಕ್ಕೂ ಅದನ್ನೇ ಹೆಸರಾಗಿ ಇಡುವುದು ಮಾತ್ರ ನಿಲ್ಲಬೇಕು.

೫

ಉಳಿದುದು ಅಪಾಯದ ಅಳತೆಯನ್ನು ಹೇಳುವ ಮಾತು. ಮಕ್ಕಳ ವಿಷಯದಲ್ಲಿ ನಮ್ಮ ಭಾಷೆಗೆ ಪರಿಚಿತವಾದ ಶಬ್ದಗಳು ಬಾಲಾರಿಷ್ಟ, ಕಂಟಕ, ಗಂಡಾಂತರ ಮುಂತಾದವು. ಬಾಲಾರಿಷ್ಟವು ಜ್ಯೋತಿಷದ್ದು, ಉಳಿದವುಗಳಿಗೂ ಜಾತಕದ ನೆರಳು ತಾಗಿದೆ. ಕಂಟಕವಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಕಳೆದರೆ ಪೂರ್ತಿ ಕಳೆಯಿತು. ಇಪ್ಪತ್ತನಾಲ್ವರಲ್ಲಿ ಏಳು ಮಂದಿಗೆ ಎಂಬ ಭಾವನೆಗೆ ಈ ಶಬ್ದಗಳಲ್ಲಿ ಸ್ಥಳವಿಲ್ಲ. ಪಾಠಪುಸ್ತಕದ 'ಸಂಭಾವ್ಯತೆ' ಗಣಿತಕ್ಕೆ ಸರಿ, ಆಸ್ಪತ್ರೆಗೆ ಅದು ದೂರ.

ಸಾಮಾನ್ಯರಿಗೆ ಸಂಖ್ಯೆ ತಿಳಿಯದೆಂಬ ಕಾರಣದಿಂದ ಅದನ್ನು ಹೇಳದೆ ಬಿಡುವುದು ಉಚಿತವೆಂದು ಕೆಲವರು ವಾದಿಸುವುದುಂಟು. ಈ ವಾದಕ್ಕೆ ಯಶವಂತಪುರದ ಕೃಷಿ ಮಾರುಕಟ್ಟೆಯ ಅಂಗಳವೇ ಉತ್ತರ. ಈರುಳ್ಳಿ ಆಲೂಗಡ್ಡೆಗಳನ್ನು ತಂದ ರೈತನು ನೂರಕ್ಕೆ ಎಷ್ಟು ಕಮಿಷನ್ ಹೋಯಿತೆಂಬುದನ್ನೂ, ಒಂದು ಚೀಲಕ್ಕೆ ಎಷ್ಟು ಕೊಳೆತದ್ದೆಂಬುದನ್ನೂ ಬಾಯಲ್ಲಿಯೇ ಲೆಕ್ಕ ಹಾಕುತ್ತಾನೆ. ಅವನಿಗೆ ನೂರಕ್ಕ್ಯಾವಷ್ಟು ಎಂಬ ಭಾವನೆಯನ್ನು ಕಲಿಸಬೇಕಾದುದಿಲ್ಲ. ಅದೇ ಮನುಷ್ಯನು ತುಮಕೂರು ರಸ್ತೆಯನ್ನು ದಾಟಿ ಆಸ್ಪತ್ರೆಗೆ ಹೋದಕೂಡಲೆ ಬುದ್ಧಿಯನ್ನು ಹೊರಗೆ ಬಿಟ್ಟುಹೋಗುತ್ತಾನೆಯೆ?

ಆದರೆ ಸಂಖ್ಯೆಯನ್ನು ಹೇಳುವವರು ಎರಡು ನಿಯಮಗಳನ್ನು ಪಾಲಿಸಬೇಕು. ಒಂದು, ಅಪಾಯದ ಸಂಖ್ಯೆಯನ್ನು ಒಂಟಿಯಾಗಿ ಹೇಳಕೂಡದು. ಯಂತ್ರವನ್ನು ಜೋಡಿಸದಿದ್ದರೆ ಏನಾಗುವುದೆಂಬುದನ್ನೂ ಅದರ ಪಕ್ಕದಲ್ಲಿ ಇಡಬೇಕು. ನೂರಕ್ಕೆ ೨೯ ಎಂಬುದನ್ನು ಮಾತ್ರ ಕೇಳಿದವರು ಯಂತ್ರವನ್ನು ನಿರಾಕರಿಸಬಹುದು. ೧೩ ದಿನಗಳ ಲೆಕ್ಕವನ್ನು ಮಾತ್ರ ಕೇಳಿದವರು ಪೆಟ್ಟಿನ ಭಯವನ್ನೇ ಅರಿಯದೆ ಒಪ್ಪಬಹುದು. ಎರಡೂ ಅರ್ಧಸತ್ಯಗಳು. ಎರಡು, ಸಂಖ್ಯೆಗೆ ಅದರ ಇಸವಿಯನ್ನು ಸೇರಿಸಬೇಕು. ೨೦೧೨ರ ಲೆಕ್ಕ ೨೦೧೨ರದೇ. ೨೦೧೭ರಲ್ಲಿ ಅಮೆರಿಕ ಮೊದಲಾದ ಕಡೆಗಳ ಮಕ್ಕಳಾಸ್ಪತ್ರೆಗಳು 'ಆಕ್ಷನ್' ಎಂಬ ಕೂಟವನ್ನು ಕಟ್ಟಿಕೊಂಡು ತಮ್ಮ ಪದ್ಧತಿಗಳನ್ನು ಏಕರೂಪಕ್ಕೆ ತಂದ ಬಳಿಕ ಈ ಅಪಾಯವು ಗಣನೀಯವಾಗಿ ಇಳಿದಿದೆ. ಬೈವಾಲಿರುಡಿನ್ ಎಂಬ ಬೇರೊಂದು ಔಷಧದ ಬಳಕೆಯೂ ಹೆಚ್ಚಿದೆ. ಯಂತ್ರಗಳೂ ಸ್ಥಿರವಲ್ಲ. ದೊಡ್ಡ ಮಕ್ಕಳಿಗೂ ಬಳಸುತ್ತಿದ್ದ 'ಹಾರ್ಟ್‌ವೇರ್' ಪಂಪನ್ನು, ಮಿದುಳಿನ ತೊಂದರೆಗಳೂ ಮರಣಗಳೂ ಇತರ ಪಂಪುಗಳಿಗಿಂತ ಅದರಲ್ಲಿ ಹೆಚ್ಚೆಂದು ಕಂಡುಬಂದುದರಿಂದ, ೨೦೨೧ರ ಜೂನ್ ತಿಂಗಳಲ್ಲಿ ತಯಾರಕರೇ ಮಾರಾಟದಿಂದ ಹಿಂತೆಗೆದರು.

ಆ ಕೂಟದವರು ಪೆಟ್ಟನ್ನು ತಡೆಯಲು ಮೂರು ಸಾಧನಗಳನ್ನು ಮುಖ್ಯವೆಂದು ಎಣಿಸಿರುವರು: ಹೆಪ್ಪು ತಡೆಯುವ ಔಷಧದ ಹದ, ರಕ್ತದೊತ್ತಡದ ಹತೋಟಿ, ಮೂರನೆಯದಾಗಿ ಚಿಕಿತ್ಸೆಮಾಡುವವರು ತಮ್ಮತಮ್ಮೊಳಗೆ ಮಾತನ್ನು ಸರಿಯಾಗಿ ತಲುಪಿಸುವುದು. ಔಷಧ, ಒತ್ತಡಗಳ ಸಾಲಿನಲ್ಲಿ ಮಾತನ್ನೂ ನಿಲ್ಲಿಸಿರುವುದು ಭಾಷೆಯ ಉಪಾಧ್ಯಾಯರಾದ ನಮಗೆ ಗಮನಾರ್ಹ. ಒಂದೇ ಶಾಸ್ತ್ರವನ್ನು ಓದಿದ ವೈದ್ಯರೂ ದಾದಿಯರೂ ತಮ್ಮೊಳಗಣ ಮಾತಿಗೇ ಇಷ್ಟು ಬೆಲೆ ಕೊಡಬೇಕಾದರೆ, ಆ ಶಾಸ್ತ್ರವನ್ನು ಓದದ ತಾಯಿಯೊಡನೆ ಆಡುವ ಮಾತಿಗೆ ಎಷ್ಟು ಎಚ್ಚರ ಬೇಕು! ಹಗಲಿರುಳು ಮಗುವಿನ ಮುಖವನ್ನೇ ನೋಡುತ್ತಿರುವವಳು ಆಕೆ. ಎಡಗೈಯನ್ನು ಮಗು ನಿನ್ನೆಯಂತೆ ಆಡಿಸುತ್ತಿಲ್ಲವೆಂಬುದು ಮೊದಲು ತಿಳಿಯುವುದು ಆಕೆಗೆ.

೬

ಖಂಡನೆಯಷ್ಟೇ ಮಾಡಿ ಬಿಡುವುದು ವಿಮರ್ಶೆಯಾಗದು. ಮೇಲೆ ಹೇಳಿದ ನಿಯಮಗಳಂತೆ ಬರೆದರೆ ಮಾತು ಹೇಗಿರಬಹುದೆಂಬುದಕ್ಕೆ ಒಂದು ಮಾದರಿಯನ್ನು ವಾಚಕರ ಪರಿಶೀಲನೆಗಾಗಿ ಇಲ್ಲಿ ರಚಿಸಿ ಕೊಟ್ಟಿದ್ದೇವೆ. ಎಳೆಯ ಮಗುವಿನ ತಾಯಿಗೆ ವೈದ್ಯನು ಹೇಳುವ ಮಾತು ಇದು:

"ನೋಡಮ್ಮ, ನಿಮ್ಮ ಮಗುವಿನ ಗುಂಡಿಗೆ ರಕ್ತ ನೂಕೋ ಶಕ್ತಿ ಕಳೆದುಕೊಂಡಿದೆ. ಬೇರೆ ಗುಂಡಿಗೆ ಸಿಗೋವರೆಗೂ ಈ ಪಂಪು ಅದರ ಕೆಲಸಕ್ಕೆ ಆಸರೆಯಾಗಿರುತ್ತೆ. ಮಗುವಿನ ಗುಂಡಿಗೆ ಅದರ ಜಾಗದಲ್ಲೇ ಇರುತ್ತೆ. ಪಂಪನ್ನು ಗಾಳಿ ನೂಕುತ್ತೆ. ಆದರೆ ಗಾಳಿಗೂ ರಕ್ತಕ್ಕೂ ನಡುವೆ ಪೊರೆ ಇದೆ, ಒಂದಕ್ಕೊಂದು ಸೇರೋದಿಲ್ಲ. ಭಯ ಇರೋದು ರಕ್ತ ಪಂಪಿನೊಳಗೆ ಹೆಪ್ಪಾಗೋದರಿಂದ. ಹೆಪ್ಪಿನ ಚೂರು ಮಿದುಳಿಗೆ ಹೋಗಿ ನಾಳ ಮುಚ್ಚಿದರೆ ಕೈಕಾಲು ಬೀಳಬಹುದು, ಸೆಳವು ಬರಬಹುದು, ಪ್ರಾಣಕ್ಕೂ ಅಪಾಯ ಆಗಬಹುದು. ಅದಕ್ಕೇ ಹೆಪ್ಪು ತಡೆಯೋ ಮದ್ದು ಕೊಡ್ತೀವಿ. ಮದ್ದು ಹೆಚ್ಚಾದರೆ ರಕ್ತ ಸೋರುತ್ತೆ. ಅದಕ್ಕೇ ದಿನಾ ರಕ್ತ ಪರೀಕ್ಷೆ ಮಾಡಿ ಒಂದು ದಿನ ಏರಿಸ್ತೀವಿ, ಒಂದು ದಿನ ಇಳಿಸ್ತೀವಿ. ಮಗು ಮಂಕಾದರೆ, ಒಂದು ಕೈ ಆಡಿಸದಿದ್ದರೆ, ಹಾಲು ಕುಡಿಯದಿದ್ದರೆ, ಆ ಕ್ಷಣವೇ ನಮ್ಮನ್ನು ಕೂಗಿ. ನಿಮಗೆ ಅನುಮಾನ ಬಂದರೂ ಸಾಕು."

ಇದರಲ್ಲಿ ಪಾರ್ಶ್ವವಾಯುವೂ ಇಲ್ಲ, ಲಕ್ವವೂ ಇಲ್ಲ, ಸ್ಟ್ರೋಕೂ ಇಲ್ಲ. ಇಷ್ಟು ತಿಳಿದ ಬಳಿಕ ಅವರ ಸೀಮೆಯಲ್ಲಿ ನಡೆಯುವ ಹೆಸರನ್ನು ಸೇರಿಸಿದರೆ ಬಾಧಕವಿಲ್ಲ. ಹುಬ್ಬಳ್ಳಿಯವರಿಗೆ ಲಕ್ವ, ಮೈಸೂರಿನವರಿಗೆ ಪಾರ್ಶ್ವವಾಯು. ಬಳಿಕ ಸಂಖ್ಯೆಯನ್ನು, ಆಯಾ ಆಸ್ಪತ್ರೆಯ ಸ್ವಂತ ಅನುಭವದ ಲೆಕ್ಕವನ್ನೂ ಕೂಡಿಸಿ, ಹೇಳಬೇಕು. ಈ ಮಾದರಿಯಲ್ಲಿ ತಿದ್ದಬೇಕಾದುದು ಇರಬಹುದು. ವೈದ್ಯರೂ ಭಾಷಾಶಾಸ್ತ್ರಜ್ಞರೂ ಒಟ್ಟಿಗೆ ಕುಳಿತು ತಿದ್ದಲಿ. 'ಸೇತುವೆ'ಯೆಂಬ ಇಂಗ್ಲಿಷ್ ರೂಪಕವನ್ನು ಬಿಟ್ಟು 'ಆಸರೆ'ಯನ್ನು ನಾವು ಬೇಕೆಂದೇ ಇಟ್ಟಿದ್ದೇವೆ. ಸೇತುವೆಯೆಂದರೆ ಆಚೆಯ ದಡ ಇದ್ದೇ ಇದೆಯೆಂಬ ಭರವಸೆ ಬರುತ್ತದೆ. ಮಗುವಿನ ಮೈಯಳತೆಗೂ ರಕ್ತದ ಗುಂಪಿಗೂ ಹೊಂದುವ ಹೃದಯ ದೊರೆಯುವುದು ನಿಶ್ಚಯವಲ್ಲ. ಆಸರೆ ಅಷ್ಟು ದೊಡ್ಡ ಮಾತನ್ನು ಕೊಡುವುದಿಲ್ಲ.

೨೦೨೫ರ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ ದಾನಿಯೊಬ್ಬರ ಹೃದಯವನ್ನು ಯಶವಂತಪುರದ ಕಡೆಯಿಂದ ಸಂಪಿಗೆ ರಸ್ತೆಯ ನಿಲ್ದಾಣಕ್ಕೆ ಮೆಟ್ರೋ ರೈಲಿನಲ್ಲಿ ಒಯ್ದರು. ವೃತ್ತಪತ್ರಿಕೆಗಳು ಆ ಪ್ರಯಾಣವನ್ನು ನಿಮಿಷನಿಮಿಷವಾಗಿ ವರ್ಣಿಸಿದುವು, ಅದು ಉಚಿತವೇ. ಹೃದಯ ಬರುವ ರಾತ್ರಿಯನ್ನು ವರ್ಣಿಸುವ ಕನ್ನಡ ನಮ್ಮಲ್ಲಿ ಸಿದ್ಧವಾಗಿದೆ. ಹೃದಯಕ್ಕಾಗಿ ಕಾಯುವ ತಿಂಗಳುಗಳನ್ನು, ಆ ತಿಂಗಳುಗಳಲ್ಲಿ ದೀಪ ಹಿಡಿದು ಹೆಪ್ಪನ್ನು ಹುಡುಕುವ ದಾದಿಯ ಕೆಲಸವನ್ನು, ಒಂದು ಸಹಿಯನ್ನು ಹಾಕುವ ಮುನ್ನ ತಂದೆತಾಯಿಗಳು ಅರಿಯಬೇಕಾದುದನ್ನು ಹೇಳುವ ಕನ್ನಡವನ್ನು ಇನ್ನೂ ಹದಗೊಳಿಸಬೇಕಾಗಿದೆ. ಅದಕ್ಕೆ ಬೇಕಾದ ಶಬ್ದಗಳು ಹೊಸದಾಗಿ ಹುಟ್ಟಬೇಕಾದುವಲ್ಲ. ಅಡುಗೆಮನೆಯಲ್ಲಿ, ಕಮ್ಮಾರನ ಕುಲುಮೆಯಲ್ಲಿ, ಮಾರುಕಟ್ಟೆಯಲ್ಲಿ ಇವೆ. ಅವನ್ನು ಆಯ್ದು, ಅರ್ಥವನ್ನು ನಿಷ್ಕರ್ಷಿಸಿ, ವೈದ್ಯವಿದ್ಯಾರ್ಥಿಗಳ ಕೈಗೆ ಕೊಡುವ ಕೆಲಸವನ್ನು ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು ವಹಿಸಿಕೊಳ್ಳಬೇಕೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇವೆ.